ಕಿಟಕಿಗೆ ಚಿಕ್ಕದಾದ ಗಾಜು

ಸೋಮವಾರ, ಮಾರ್ಚ್ ೧೧
ಮಧ್ಯಾಹ್ನ. ನಮ್ಮ ಗಾಜಿನ ಅಂಗಡಿಯ ಬಾಗಿಲು ಅರ್ಧ ತೆರೆದಿದೆ. ಗಿರಾಕಿಗಳಿಲ್ಲ.

ಪ್ರೀತಿಯ ಅಕ್ಕಾ,

ನೀನು ಹೇಳಿದಂತೆ ಹೋಗಿ ಬಂದೆ. "ಎರಡು ದಿನ ಜೊತೆಗಿದ್ದು ನೋಡೇ, ಆಮೇಲೆ ಉತ್ತರ ಕೊಡು" ಎಂದಿದ್ದೆಯಲ್ಲ. ಇವರು ಬೇರೆ ಮನೆ ಮಾಡಿ, ವಿಚ್ಛೇದನಕ್ಕೆ ನನ್ನ ಒಪ್ಪಿಗೆ ಕೇಳಿದ ಮೇಲೆ ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಇದೇ ಮೊದಲು. "ಇವರು" ಎಂದೇ ಬರೆಯುತ್ತಿದ್ದೇನೆ. ಬೇರೆ ಏನೆಂದು ಬರೆಯಬೇಕೋ ತಿಳಿಯುತ್ತಿಲ್ಲ.

ಹಲ್ಲಿನ ಡಾಕ್ಟರಿಗೂ ಅವರ ಹೆಂಡತಿ ಟೀಚರಿಗೂ ನಮ್ಮ ವಿಷಯ ಗೊತ್ತಿಲ್ಲ. ಪ್ರತಿ ವರ್ಷದಂತೆ ಕೆರೆ ಪಕ್ಕದ ಮನೆಯೊಂದನ್ನು ಬಾಡಿಗೆಗೆ ಹಿಡಿದು ಕರೆದರು. ಇವರು ಫೋನ್ ಮಾಡಿ, "ಬರಲ್ಲ ಅಂದ್ರೆ ಕಾರಣ ಹೇಳ್ಬೇಕಾಗತ್ತೆ. ಹೋಗ್ಬರೋಣ್ವಾ?" ಎಂದರು. ಆ ಮಾತಿನಲ್ಲಿ ನಾವಿಬ್ಬರೂ ಒಟ್ಟಿಗಿದ್ದೆವು. ನಾನು ಅಷ್ಟಕ್ಕೇ ಹಿಗ್ಗಿದೆ.

ಶನಿವಾರ ಆ ಮನೆ ತಲುಪಿದರೆ ಡಾಕ್ಟರ ಹತ್ತಿರ ಬೀಗದ ಕೈ ಇಲ್ಲ. ಆಸ್ಪತ್ರೆಯಲ್ಲಿ ತೂಗುಹಾಕಿದ ಬಿಳಿ ಕೋಟಿನ ಜೇಬಿನಲ್ಲಿ ಉಳಿದಿದೆ. ಟೀಚರು ಸೊಂಟದ ಮೇಲೆ ಕೈಯಿಟ್ಟು, "ಅವರಿವರ ಹಲ್ಲೆಲ್ಲ ಎಣಿಸ್ತೀರಿ, ಒಂದು ಬೀಗದ ಕೈ ನೆನಪಿರಲ್ಲ" ಎಂದರು. ಇವರು ನನ್ನತ್ತ ನೋಡಿದರು, ನಾನು ಇವರತ್ತ ನೋಡಿದೆ. ಮಾತೇ ಬೇಕಾಗಲಿಲ್ಲ. ಅಡುಗೆಮನೆ ಕಿಟಕಿಯ ಗಾಜನ್ನು ಹಿಡಿದಿದ್ದ ಮರದ ಪಟ್ಟಿಗಳನ್ನು ಇವರು ಒಂದೊಂದಾಗಿ ಬಿಡಿಸಿದರು, ನಾನು ಗಾಜನ್ನು ಇಡಿಯಾಗಿ ಹೊರತೆಗೆದು ಗೋಡೆಗೆ ಒರಗಿಸಿ ಒಳಗೆ ನುಸುಳಿದೆ. "ನೀವಿಬ್ರೂ ಅಂಗಡಿ ಬಿಟ್ಟು ಕಳ್ಳತನಕ್ಕೆ ಇಳಿದಿದ್ರೆ ಇಷ್ಟೊತ್ತಿಗೆ ಬಂಗಲೆ ಕಟ್ಟಿರ್ತಿದ್ರಿ" ಎಂದರು ಡಾಕ್ಟರು. ಇವರು ಎಷ್ಟು ಜೋರಾಗಿ ನಕ್ಕರೆಂದರೆ, ಅಕ್ಕಾ, ನನಗೆ ಒಳಗಿನಿಂದ ಬಾಗಿಲು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣು ಒರೆಸಿಕೊಳ್ಳಬೇಕಿತ್ತು.

ಸಂಜೆ ದೋಣಿ. ಫೋಟೋ ತೆಗೆಯಲೆಂದು ಡಾಕ್ಟರು ಎದ್ದು ನಿಂತರು, ದೋಣಿ ಮಗುಚಿ ಎಲ್ಲರೂ ಮೊಣಕಾಲುದ್ದದ ನೀರಿನಲ್ಲಿ ಕೂತೆವು. ಇವರು ಮೊದಲು ಹಿಡಿದೆತ್ತಿದ್ದು ನನ್ನನ್ನು. ಎದ್ದು ನಿಂತ ಮೇಲೂ ತೋಳು ಬಿಡಲಿಲ್ಲ. ಆಮೇಲೆ ನೆನಪಾದವರಂತೆ ಬಿಟ್ಟರು. ಡಾಕ್ಟರು ದೋಣಿಯ ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ಮನೆಯೊಳಗೆ ಹೊರಟರು. ಹಿಂದಿನಿಂದ ಟೀಚರು "ರೀ, ಕಾಲೊರೆಸಿಕೊಳ್ರೀ" ಎಂದು ಕೂಗಿದ್ದೇ ತಡ, ಗಿರಕ್ಕನೆ ತಿರುಗಿದರು. ಹುಟ್ಟಿನ ತುದಿ ಬಡಿದು ನಡುಮನೆಯ ಕಿಟಕಿಯ ಗಾಜು ಪುಡಿಯಾಯಿತು.

ರಾತ್ರಿ ಬೆನ್ನುನೋವೆಂದು ಇವರು ನೆಲದ ಮೇಲೆ ಮಲಗಿದರು. ದೋಣಿಯನ್ನು ದಡಕ್ಕೆ ಎಳೆದದ್ದೇ ಇವರು. ಬೆನ್ನಿಗೆ ಏನೂ ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಚೌಕಟ್ಟನ್ನು ಅಳೆದುಕೊಂಡು ನಾವಿಬ್ಬರೇ ಪೇಟೆಗೆ ಹೋದೆವು. ಗಾಜು ಮಾರುವ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವೇ ಕೊಯ್ತೀರಾ? ಒಡೆದ್ರೆ ನಿಮ್ದೇ" ಎಂದ. "ಅವಳ ಕೈಲಿ ಒಡೆಯಲ್ಲ" ಎಂದರು ಇವರು. ನಾನು ಕೊಯ್ದೆ. ಹೊತ್ತು ತರುವಾಗ ಎಂದಿನಂತೆ ಇವರು ಹಿಮ್ಮುಖವಾಗಿ ನಡೆದರು, ನಾನು ಎದುರು ನಡೆಯುತ್ತ "ಮೆಟ್ಟಿಲು, ಎಡಕ್ಕೆ, ಸೈಕಲ್ಲು" ಎನ್ನುತ್ತ ಬಂದೆ. ಒಂದು ಸಲವೂ ಇವರು ತಿರುಗಿ ನೋಡಲಿಲ್ಲ. ನನ್ನ ಮಾತನ್ನು ನಂಬಿ ಬೀದಿಯುದ್ದಕ್ಕೂ ಬೆನ್ನುಮಾಡಿ ನಡೆಯುವವರು ನನ್ನನ್ನು ಬಿಟ್ಟು ಹೋಗಲಾರರು ಎನ್ನಿಸಿತು. ನಿನಗೆ ಅಲ್ಲಿಂದಲೇ ಫೋನ್ ಮಾಡಬೇಕೆಂದಿದ್ದೆ. ಕೈ ಖಾಲಿ ಇರಲಿಲ್ಲ.

ಗಾಜು ಕೂರಲಿಲ್ಲ. ಒಂದು ಬದಿಗೆ ಸರಿಸಿದರೆ ಇನ್ನೊಂದು ಬದಿಯ ಸಂದಿನಲ್ಲಿ ಕೆರೆ ಕಾಣುತ್ತಿತ್ತು.

ನಿನಗೆ ಗೊತ್ತಿರಲಿಕ್ಕಿಲ್ಲ. ಚೌಕಟ್ಟಿನ ಅಳತೆಗೇ ಗಾಜು ಕೊಯ್ಯಬಾರದು. ಮರ ಹಿಗ್ಗಿದರೆ ಒಡೆಯುತ್ತದೆ. ಅಳತೆಯಿಂದ ಒಂದಿಷ್ಟು ಕಳೆಯಬೇಕು. ನಮ್ಮ ಅಂಗಡಿಯಲ್ಲಿ ಮೊದಲಿನಿಂದಲೂ ಅಳೆಯುವುದು ಇವರು, ಕಳೆದು ಕೊಯ್ಯುವುದು ನಾನು. ನಿನ್ನೆ ಇವರು ಹೇಳಿದ ಅಳತೆಯಲ್ಲಿ ಕಳೆಯುವುದು ಆಗಲೇ ಮುಗಿದಿತ್ತು. ನಾನು ಮತ್ತೆ ಕಳೆದೆ.

"ಇದೇನ್ರೀ, ಇಷ್ಟು ವರ್ಷ ಗಾಜಿನ ಅಂಗಡಿ ಇಟ್ಟು ಕಿಟಕಿಗೆ ಗಿಡ್ಡ ಅಂಗಿ ಹೊಲಿದಿದ್ದೀರಿ!" ಎಂದು ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇವರು ನಗಲಿಲ್ಲ. "ತಪ್ಪು ನಂದೇ. ಈಗ ಒಬ್ಬನೇ ಅಳೆದು, ಒಬ್ಬನೇ ಕೊಯ್ದು ಅಭ್ಯಾಸ ಆಗೋಗಿದೆ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿ, "ಸಾರಿ" ಎಂದರು. ಗಾಜಿನ ವಿಷಯದಲ್ಲಿ ಇವರು ನನ್ನನ್ನು ಬೈದಿದ್ದಾರೆ, ನಾನೂ ತಿರುಗಿ ಬೈದಿದ್ದೇನೆ. ಗಿರಾಕಿಗೆ ಹೇಳುವಂತೆ ಸಾರಿ ಹೇಳಿದ್ದು ಇದೇ ಮೊದಲು.

ಸಂದಿಗೆ ಪಟ್ಟಿ ಹೊಡೆದು, ಮನೆಯ ಮಾಲೀಕರಿಗೆ ನಡೆದದ್ದು ತಿಳಿಸಿ ಹೊರಟೆವು. ದಾರಿಯಲ್ಲಿ ಟೀಚರು, "ಮುಂದಿನ ವರ್ಷ ನಮ್ಮ ಯಜಮಾನರನ್ನ ಮನೇಲಿ ಕಟ್ಟಿಹಾಕಿ ಬರ್ತೀನಿ, ನೀವಿಬ್ರೂ ತಪ್ಪಿಸ್ಬೇಡಿ" ಎಂದರು. "ಆಯ್ತು" ಎಂದೆವು, ಇಬ್ಬರೂ ಒಟ್ಟಿಗೆ. ಕೆಲಸವಿದೆ ಎಂದು ಇವರು ನಡುವೆಯೇ ಇಳಿದುಕೊಂಡರು.

ಬೇರೆ ಯಾರಾದರೂ ಇದ್ದಾರಾ ಎಂದು ನೀನು ಕೇಳುತ್ತಲೇ ಇದ್ದೀಯ. ಇಲ್ಲ ಅಕ್ಕಾ. ಇದ್ದಿದ್ದರೆ ಜಗಳವಾಡಬಹುದಿತ್ತು. ನಾನಿಲ್ಲದೆ ಕೆಲಸ ಸಾಗುವುದನ್ನು ಅವರ ಕೈ ಕಲಿತುಬಿಟ್ಟಿದೆ. ಕೈ ಕಲಿತದ್ದರ ಜೊತೆ ಯಾರು ಜಗಳವಾಡುತ್ತಾರೆ?

ಗುರುವಾರ ತಮ್ಮ ಉಳಿದ ಸಾಮಾನಿಗೆ ಬರುತ್ತಾರೆ. ಒಪ್ಪಿಗೆ ಎಂದು ಹೇಳುವುದಾಗಿ ತೀರ್ಮಾನಿಸಿದ್ದೇನೆ. ಹೇಳಬೇಕಾದ್ದನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿದೆ, ಖಾಲಿ ಅಂಗಡಿಯಲ್ಲಿ. ಅವರಿಗೆ ಇನ್ನೂ ಹೇಳಿಲ್ಲ. ನೀನು ಬರಬೇಡ, ಫೋನೂ ಮಾಡಬೇಡ. ನಿನ್ನ ದನಿ ಕೇಳಿದರೆ ಮನಸ್ಸು ಬದಲಾಗುತ್ತದೆ.

ನಿನ್ನ
ಮೊಂಡಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಆ ಚೌಕಟ್ಟನ್ನು ನಾನೂ ನೋಡಿದ್ದೆ. ಪೇಟೆಯ ಗಾಜಿನಂಗಡಿಯಲ್ಲಿ ಇವರು ಅಳತೆ ಹೇಳಿದ ಕ್ಷಣವೇ ಅದು ಕಡಿಮೆ ಎಂದು ನನಗೆ ತಿಳಿಯಿತು. "ಕಳೆದು ಹೇಳ್ತಿದ್ದೀರಾ?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿದರೆ ಹೌದೆನ್ನುತ್ತಾರೆಂದು ಹೆದರಿ, ಕೊಯ್ದುಬಿಟ್ಟೆ.