ಹನ್ನೂರಿನಲ್ಲಿ ನೀವು ಕೊಟ್ಟ ದೀಕ್ಷೆ

ನನ್ನ ಪಾಲಿಗೆ ತಾಯಿಯೇ ಆಗಿದ್ದ ಶಾಂತಾಬಾಯಿಯವರಿಗೆ,

ನೀವು ತೀರಿಕೊಂಡ ಸುದ್ದಿ ಹನ್ನೂರಿಗೆ ಮುಟ್ಟುವಷ್ಟರಲ್ಲಿ ಕಂದಲಗಾಂವದಲ್ಲಿ ನಿಮ್ಮನ್ನು ಮಣ್ಣು ಮಾಡಿಯಾಗಿತ್ತು. ಕೊನೆಗೊಮ್ಮೆ ಮುಖ ನೋಡಲಾಗಲಿಲ್ಲ. ಹೇಳಬೇಕಾದದ್ದು ಹಾಗೇ ಉಳಿದಿದೆ.

ಕಾಲರಾ ಬಂದ ಆ ಶ್ರಾವಣ ಈಗಲೂ ಕಣ್ಣಮುಂದಿದೆ. ನೀವು ಹಳ್ಳಿಯ ಹೆಂಗಸರಿಗೆ ಬೈಬಲ್ ಓದಿಸಲು ಸೋಲಾಪುರದ ಕ್ರೈಸ್ತ ಸಭೆಯವರು ನೇಮಿಸಿದ ಬೋಧಕಿ; ನಮಗೆಲ್ಲ ಬರೇ 'ಬಾಯಿ'. ನಾನು ಕುರಿ ಸಾಕುವ ಮನೆಯ ಸೊಸೆ. ನಿಮ್ಮ ಬಳಿ ಅಕ್ಷರ ಕಲಿತು, ಓದಿ, ದೀಕ್ಷಾಸ್ನಾನ ಬೇಕೆಂದು ಕೇಳಿದ್ದೆ. ಮಳೆ ಮುಗಿದ ಮೇಲೆ ಪಾದ್ರಿಗಳು ಬಂದು ಕೊಡುವವರಿದ್ದರು. ಅಷ್ಟರಲ್ಲಿ ಕಾಲರಾ ತಗುಲಿ ನಾನೇ ಹೋಗುವ ಹಾಗಾಯಿತು. ಎದ್ದು ಕೂರುವ ತ್ರಾಣವಿರಲಿಲ್ಲ. ನಿಮ್ಮ ಸೆರಗು ಹಿಡಿದು, "ನೀವೇ ನೀರು ಹಾಕ್ರಿ ಬಾಯಿ" ಎಂದೆ.

"ನನಗ ಆ ಅಧಿಕಾರ ಇಲ್ಲ ನೀಲವ್ವಾ."

"ಅಧಿಕಾರ ಇದ್ದವರು ಬರೋತನಕ ನಾ ಇರ್ತೀನೇನ್ರಿ?"

ಆಗ ತಂಬಿಗೆಯಲ್ಲಿ ನೀರು ತಂದುಕೊಟ್ಟವನು ನನ್ನ ಗಂಡ ಮಾಳಪ್ಪ. ನಿಮ್ಮ ಬಳಿ ಹೋಗಬೇಡವೆಂದು ನನ್ನೊಡನೆ ಜಗಳವಾಡುತ್ತಿದ್ದವನು. ನಮ್ಮ ಕುಲದೇವರು ಬೀರೋಬನ ಭಂಡಾರದ ಅರಿಶಿನ ಅವನ ಹಣೆಯ ಮೇಲೆ ಹಾಗೇ ಇತ್ತು. "ಆಕಿ ಕೇಳಿದ್ದು ಮಾಡ್ರಿ" ಎಂದ. ನೀವು ನನ್ನ ತಲೆಯ ಮೇಲೆ ನೀರು ಹಾಕಿದಿರಿ; ಅರ್ಧ ನೀರು ಹಾಸಿಗೆಗೆ ಚೆಲ್ಲಿತು. ಅದು ನಾನು ಸಾಯುತ್ತೇನೆಂಬ ಹೆದರಿಕೆಯೋ, ಸೋಲಾಪುರದವರ ಹೆದರಿಕೆಯೋ... ಕೇಳಬೇಕೆಂದಿದ್ದೆ.

ನಾನು ಬದುಕಿದ್ದೇ ನಿಮಗೆ ಮುಳುವಾಯಿತು, ಅಲ್ಲವೆ? ಸತ್ತಿದ್ದರೆ ಯಾರೂ ವಿಚಾರಣೆ ಮಾಡುತ್ತಿರಲಿಲ್ಲ. ದಸರೆಯಾದ ಮೇಲೆ ನಮ್ಮಿಬ್ಬರನ್ನೂ ಸೋಲಾಪುರಕ್ಕೆ ಕರೆಸಿದರು. ಹಿರಿಯರೆಲ್ಲ ಬೆಂಚಿನ ಮೇಲೆ, ನಾವು ಎದುರಿಗೆ ನಿಂತು. ಸಭೆಯ ಹಿರಿಯ ಯೋಹಾನರಾವ್ ಮೆತ್ತಗೆಯೇ ಮಾತು ತೆಗೆದರು.

"ಬಾಯಿ, ನೀವು ಮಾಡಿದ್ದು ಬರೇ ಪ್ರಾರ್ಥನಾ ಅಂತ ಒಂದು ಮಾತು ಹೇಳಿಬಿಡ್ರಿ. ಪಾದ್ರಿಸಾಹೇಬ್ರು ಈಕಿಗೆ ಸರಿಯಾಗಿ ದೀಕ್ಷಾ ಕೊಡ್ತಾರ. ನಿಮ್ಮ ನೌಕರಿ, ಖೋಲಿ ಎಲ್ಲಾ ಇದ್ದಂಗ ಇರ್ತಾವ."

ನಿಜ ಹೇಳಲೇ? ನೀವು ಹೂಂ ಎನ್ನಲಿ ಎಂದೇ ನಾನು ಬೇಡಿಕೊಳ್ಳುತ್ತಿದ್ದೆ. ನಿಮಗೆ ಗಂಡನಿಲ್ಲ, ಮಕ್ಕಳಿಲ್ಲ, ಸಭೆಯವರು ಇರಲು ಕೊಟ್ಟ ಆ ಖೋಲಿಯೂ ಹೋದರೆ ಈ ವಯಸ್ಸಿನಲ್ಲಿ...

"ನೀರು ಹಾಕೀನ್ರಿ," ಎಂದಿರಿ ನೀವು. "ತಂದಿ, ಮಗ, ಪವಿತ್ರಾತ್ಮನ ಹೆಸರಿಲೆ ಹಾಕೀನಿ. ನನ್ನ ಹೆಸರು ಹೇಳಿಲ್ಲ. ಬರೇ ಪ್ರಾರ್ಥನಾ ಅಂತ ಹ್ಯಾಂಗ ಸುಳ್ಳು ಹೇಳ್ಲಿ?"

"ಹೆಣ್ಮಗಳು ಹಾಕಿದ್ರ ಅದು ಬರೇ ನೀರು," ಎಂದರು ಯೋಹಾನರಾವ್.

"ಹಂಗಾದ್ರ ಇಷ್ಟು ವರ್ಷ ನಾ ಕಲಿಸಿದ್ದೂ ಬರೇ ಮಾತೇನ್ರಿ?"

ಯೋಹಾನರಾವ್ ನನ್ನ ಕಡೆ ತಿರುಗಿದರು. ನಾನು ಹೇಳಿದೆ: "ನಂದು ದೀಕ್ಷಾ ಆಗೈತ್ರಿ. ಇನ್ನೊಮ್ಮೆ ಒಲ್ಲೆ."

ನಿಮ್ಮ ನೌಕರಿ, ಖೋಲಿ ಎರಡೂ ಹೋದವು; ಮರುದಿನವೇ ನಿಮ್ಮ ಟ್ರಂಕನ್ನು ಮಾಳಪ್ಪ ಗಾಡಿಯಲ್ಲಿಟ್ಟ. ಕಂದಲಗಾಂವದಲ್ಲಿ ನಿಮ್ಮ ತಮ್ಮನ ಮನೆಯ ಮುಂದೆ ಇಳಿಯುವಾಗ, "ಹನ್ನೂರಿನ ಹೆಂಗಸರನ್ನ ಬಿಡಬ್ಯಾಡ" ಎಂದಿರಿ, ಅಷ್ಟೇ. ನಾನು ಬಿಡಲಿಲ್ಲ ಬಾಯಿ. ಕುರಿ ಹಟ್ಟಿಗೆ ಬಂದ ಮೇಲೆ ನಮ್ಮ ಪಡಸಾಲೆಯಲ್ಲಿ ಅವರನ್ನು ಕೂಡಿಸಿ ಓದಿಸಿದೆ, ಹಾಡಿಸಿದೆ. ಸೋಲಾಪುರಕ್ಕೆ ಪ್ರಾರ್ಥನೆಗೆ ಹೋದಾಗಲೆಲ್ಲ ನನ್ನ ದೀಕ್ಷೆ ಅವರ ಲೆಕ್ಕಕ್ಕಿಲ್ಲದ್ದರಿಂದ ಪ್ರಭುಭೋಜನದ ರೊಟ್ಟಿಯ ತಟ್ಟೆ ನನ್ನನ್ನು ದಾಟಿ ಪಕ್ಕದವಳಿಗೆ ಹೋಗುತ್ತಿತ್ತು. ನಾನು ಕಲಿಸಿದ ಹುಡುಗಿಯರು ರೊಟ್ಟಿ ಮುರಿದು ತಿನ್ನುವಾಗ ನಾನು ಎಲ್ಲಿ ನೋಡಬೇಕಿತ್ತು?

ನಿಮಗೆ ಮುಟ್ಟದ ಸುದ್ದಿ ಈಗ ಹೇಳುತ್ತೇನೆ. ಹೊಸ ಪಾದ್ರಿಗಳು ಬಂದಿದ್ದಾರೆ, ಇನ್ನೂ ಹರೆಯದವರು. ಈ ಚಳಿಗಾಲ ಅವರು ತಟ್ಟೆಯನ್ನು ನನ್ನ ಮುಂದೆ ಹಿಡಿದು, "ತಗೋರಿ ತಾಯಿ" ಎಂದರು. ತೆಗೆದುಕೊಂಡೆ. ಬಳಿಕ ಹನ್ನೂರಿನವರು ನನ್ನನ್ನೇ ತಮ್ಮ ಪರವಾಗಿ ಸಭೆಯ ವರ್ಷದ ಕೂಟಕ್ಕೆ ಕಳಿಸಿದರು. ಅಲ್ಲಿ ಎದ್ದು ಕೇಳಿದೆ: ಸಾಯುವವರು ಬೇಡಿದರೆ, ಕಲಿಸುವ ಹೆಂಗಸೂ ದೀಕ್ಷೆ ಕೊಡಬಹುದೆಂದು ಒಪ್ಪಿಕೊಳ್ಳಿ ಎಂದು. ಪರವಾಗಿ ಇದ್ದವರು ಕೈ ಎತ್ತಿದರು. ನಾನೂ ಎತ್ತಿದೆ.

ಯೋಹಾನರಾವ್ ಮೂಲೆಯಿಂದ, "ಈಕಿ ಕೈನೂ ಎಣಸಬೇಕೇನ್ರಿ?" ಎಂದರು.

ಪಾದ್ರಿಗಳು, "ಎಣಸಬೇಕ್ರಿ" ಎಂದರು.

ಎಣಿಸಿದರು. ಸೋತೆವು ಬಾಯಿ. ನನ್ನನ್ನು ಒಪ್ಪಿಕೊಂಡವರು ನಿಮ್ಮನ್ನು ಇನ್ನೂ ಒಪ್ಪಿಲ್ಲ. ವರ್ಷ ವರ್ಷವೂ ಎದ್ದು ಇದನ್ನೇ ಕೇಳುತ್ತೇನೆ. ಅದರ ನಡುವೆ ಯಾವಳಾದರೂ ನನ್ನ ಸೆರಗು ಹಿಡಿದು ಬೇಡಿದರೆ, ಅವರ ಒಪ್ಪಿಗೆಗಾಗಿ ನಾನು ಕಾಯುವುದಿಲ್ಲ.

ನಿಮ್ಮ
ನೀಲವ್ವ