ಸೊಸೆಯ ಪರೀಕ್ಷೆ, ನನ್ನ ಮುಯ್ಯಿ

ಜುಲೈ 8, ಸೋಮವಾರ. ತೋಡೂರು.

ನಾನು ಈ ಮನೆಯ ಹಿರಿಯಳು, ಆ ಕಾಲಕ್ಕೇ ಹೈಸ್ಕೂಲು ಓದಿದವಳು. ಇಲ್ಲಿ ಎಲ್ಲರೂ ನನ್ನ ಮಾತು ಕೇಳುತ್ತಾರೆ. ಇವತ್ತು ಸೊಂಟ ಮಾತ್ರ ಕೇಳುತ್ತಿಲ್ಲ.

ನಮ್ಮ ಗದ್ದೆಯಲ್ಲಿ ಸಸಿ ನೆಡುವ ನಟ್ಟಿಗೆ ನಾಗಮ್ಮ ಬಂದಿದ್ದಳು. ಅವಳ ನಟ್ಟಿಗೆ ನಮ್ಮ ಮನೆಯಿಂದ ಒಬ್ಬರು ಹೋಗಿ ಮುಯ್ಯಿ ತೀರಿಸಲೇಬೇಕು. ಅದು ಇವತ್ತೇ ಬಂತು. ಸೊಸೆ ವೈಜಯಂತಿಗೆ ಕಾರವಾರದಲ್ಲಿ ಹತ್ತನೆಯ ತರಗತಿಯ ಗಣಿತ ಪರೀಕ್ಷೆಯೂ ಇವತ್ತೇ.

ಆರನೇ ಇಯತ್ತೆಗೆ ಶಾಲೆ ಬಿಟ್ಟವಳು ಅವಳು. ಕೊಟ್ಟಿಗೆ ಕೆಲಸ ಮುಗಿಸಿ, ಸಂಜೆಯ ತರಗತಿಯಲ್ಲಿ ಮೀನು ಮಾರಿ ಬಂದ ಹೆಂಗಸರ ಜೊತೆ ಕೂತು ಕಲಿತಳು. ಲೆಕ್ಕ ಬಾರದೆ ಅತ್ತದ್ದುಂಟು, ಬಿಟ್ಟದ್ದಿಲ್ಲ. ಅಂಥ ಹಟ ನನಗೂ ಇರಲಿಲ್ಲ.

ಬೆಳಿಗ್ಗೆ ನೋಡಿದರೆ ಗದ್ದೆಗೆ ಹೊರಟು ನಿಂತಿದ್ದಳು.

"ಪರೀಕ್ಷೆ ಮುಂದಿನ ವರ್ಷ ಬರೀತೆ ಅತ್ತೆ. ಮುಯ್ಯಿ ತಪ್ಪಿದ್ರೆ ನಿಮ್ಮ ಮರ್ಯಾದೆ ಹೋಗ್ತದೆ."

"ನನ್ನ ಮರ್ಯಾದೆ ನಾ ನೋಡ್ಕಂತೆ. ನೀ ಸೀರೆ ಬದಲ್ಸು, ಬಸ್ಸು ಬತ್ತದೆ."

ಗದ್ದೆಯಲ್ಲಿ ನಾಗಮ್ಮ ನಕ್ಕಳು. "ಅಯ್ಯೋ, ಸೊಸಿ ಶಾಲಿಗೆ, ಅತ್ತೆ ಕೆಸರಿಗೆ!"

"ನಿನ್ನ ಸೊಸಿನೂ ಕಳ್ಸೇ. ಕೆಸರು ನಿಂಗೂ ಉಂಟು," ಎಂದೆ.

ಸಂಜೆ ಬಂದವಳು, "ಎಲ್ಲಾ ಬರ್ದೆ ಅತ್ತೆ," ಎಂದಳು. ನಾನು ಮುಖ ಸಡಿಲಿಸಲಿಲ್ಲ. ವಿಜ್ಞಾನ ಪರೀಕ್ಷೆಯ ದಿನ ಪಕ್ಕದ ಗದ್ದೆಯ ಜಟ್ಟುವಿನ ಮನೆಯ ಮುಯ್ಯಿ ಇದೆ. ಅದಕ್ಕೂ ನಾನೇ ಬರುತ್ತೇನೆಂದು ಆಗಲೇ ಹೇಳಿ ಕಳಿಸಿದ್ದೇನೆ.