ಜೋಡುಗಲ್ಲಿನ ನಾಲ್ಕು ಸೊನ್ನೆಗಳು

ಕೆಸರು ತಿಂಗಳ ನಲವತ್ತೇಳನೆಯ ದಿನ,
ಜೋಡುಗಲ್ಲು ಮುಚ್ಚಿಹೋದ ನೂರ ಐವತ್ತೆರಡನೆಯ ವರ್ಷ,
ಕಲ್ಲುಸಾಕು ಮನೆ, ಕಡವಿನಕೋಡಿ.

ಡಾಕ್ಟರ್ ಮಂದಾರ ಹೆಬ್ಬಾರರಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ತಿಂಗಳಿಗೆ ಮೂವತ್ತೇ ದಿನ ಎಂಬ ಕಟ್ಟುಪಾಡು ನಮ್ಮಲ್ಲಿಲ್ಲ. ಹೊಳೆಯ ಕೆಸರು ಕಡಲಿಗೆ ಇಳಿದ ದಿನ ಕೆಸರು ತಿಂಗಳು ಶುರುವಾಗುತ್ತದೆ, ನೀರು ತಿಳಿಯಾದ ದಿನ ಮುಗಿಯುತ್ತದೆ. ಕಳೆದ ವರ್ಷ ಅದು ನೂರ ಆರು ದಿನ ನಡೆಯಿತು. ನಿಮಗೆ ಗೊತ್ತಿಲ್ಲದ ಇಂಥ ಮಾತುಗಳು ಮುಂದೆಯೂ ಬರುತ್ತವೆ, ಅದಕ್ಕೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ. ನಿಮಗೆ ಮೂವತ್ತನಾಲ್ಕು, ನನಗೆ ಅರವತ್ತಾರು, ಆದರೂ ನನಗಿಂತ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲು ಹುಟ್ಟಿದ ಒಂದೇ ಕಾರಣಕ್ಕೆ ನೀವು ನನಗೆ ಹಿರಿಯರು. ಹಾಗಾಗಿ ಮರ್ಯಾದೆ ಕೊಟ್ಟೇ ಬೈಯುತ್ತೇನೆ.

ನಿಮ್ಮ ಹಳೆಯ ಸಂಸ್ಥೆಯ ಕಟ್ಟಡ ಕೆಡವಿದಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ನಿಮ್ಮ ಮೂರು ವರ್ಷದ ಟಿಪ್ಪಣಿ ಪುಸ್ತಕಗಳಿದ್ದವು, ಜೊತೆಗೆ ಬಂದರು ಕಂಪನಿಗೆ ನೀವು ಬರೆದುಕೊಟ್ಟ ವರದಿ. ಎಲ್ಲವನ್ನೂ ನಾನು ಎಷ್ಟು ಸಲ ಓದಿದ್ದೇನೆಂದರೆ ನಿಮ್ಮ ಕೈಬರಹ ನನ್ನ ತಂಗಿಯ ಕೈಬರಹಕ್ಕಿಂತ ಚೆನ್ನಾಗಿ ಗೊತ್ತು. ದಡದಿಂದ ಎಂಟು ಕಿಲೋಮೀಟರ್ ದೂರದ ಮುಳುಗುಬಂಡೆ ಜೋಡುಗಲ್ಲಿಗೆ ಹೋಗಿ, ನೀರಿನಡಿ ಐವತ್ತು ಮೀಟರಿನ ಟೇಪು ಹಾಸಿ, ಅದರ ಎಡಬಲಕ್ಕೆ ಕಂಡ ಒಂದೊಂದು ಮೀನನ್ನೂ ಎಣಿಸಿ ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೀರಿ. ಹವಳದ ಯಾವ ಗೊಂಚಲಿನಲ್ಲಿ ಯಾವ ಮರಿ ಅಡಗಿತ್ತು ಎಂಬುದೂ ಇದೆ. ಜ್ವರ ಬಂದ ದಿನವೂ ಮುಳುಗಿದ್ದೀರಿ. ನೀವು ಸೋಮಾರಿಯಾಗಿದ್ದರೆ ಬೈಯುವುದು ಎಷ್ಟು ಸುಲಭವಿತ್ತು.

ವರ್ಷವರ್ಷವೂ ಅಕ್ಟೋಬರಿನಿಂದ ಮೇ ತನಕ, ಎಂಟು ತಿಂಗಳು ಎಣಿಸಿದಿರಿ. ಮಳೆಗಾಲದ ನಾಲ್ಕು ತಿಂಗಳು ದೋಣಿ ಇಳಿಯುವುದಿಲ್ಲ, ಇಳಿದರೂ ಆ ನೀರಿನಲ್ಲಿ ಚಾಚಿದ ಕೈ ಕಾಣುವುದಿಲ್ಲ. ಎಣಿಸಲಿಲ್ಲ. ಇಷ್ಟರವರೆಗೆ ನನ್ನದೇನೂ ತಕರಾರಿಲ್ಲ.

ನಿಮ್ಮನ್ನು ದೋಣಿಯಲ್ಲಿ ಕರೆದುಕೊಂಡು ಹೋಗುತ್ತಿದ್ದವರು ಹೆರಿಯ ಮರಕಾಲರು. ತಾಯಿಯ ಕಡೆಯಿಂದ ಲೆಕ್ಕ ಹಾಕಿದರೆ ನಾನು ಅವರಿಂದ ಆರನೆಯ ತಲೆಮಾರು. ಫೆಬ್ರವರಿ ಹದಿನೇಳರಂದು ಅವರು ಹೇಳಿದ್ದನ್ನು ನೀವು ಅವರ ಮಾತಿನಲ್ಲೇ ಬರೆದಿಟ್ಟಿದ್ದೀರಿ, ಆ ಪುಣ್ಯ ನಿಮ್ಮದು. "ಅಮ್ಮ, ನೀವ್ ಬರೀ ಕಣ್ಣಗೆ ಕಾಂಬುದ್. ಮಳಿಗಾಲ್ದಗೆ ಆ ನೀರಗೆ ಕಣ್ಣ್ ಎಂತಕ್ಕೆ? ಕೆಮಿ ಕೊಡಿ. ಮುರು ಮೀನ್ ಅಲ್ಲ್ ನೂರುಗಟ್ಲೆ ಸೇರ್ತೊ, ಗುರುಗುಟ್ಟುದ್ ಕೇಂತ್. ನನ್ನ ಅಪ್ಪಯ್ಯನೂ ಕೇಂಡಿದ್ದ. ಒಂದ್ಸಲ ಬನ್ನಿ ನನ್ನೊಟ್ಟಿಗೆ, ತೋರ್ಸ್ತೆ." ಹೇಗೆ ಕೇಳುವುದು ಎಂಬುದನ್ನೂ ಅವರು ಮಾಡಿ ತೋರಿಸಿದ್ದಾರೆ. ಮಳೆ ಎರಡು ದಿನ ಬಿಡುವು ಕೊಟ್ಟಾಗ ಸಣ್ಣ ದೋಣಿಯಲ್ಲಿ ಹೋಗುವುದು, ಹುಟ್ಟನ್ನು ನೀರಿಗೆ ಇಳಿಬಿಡುವುದು, ಮೇಲಿನ ತುದಿಗೆ ಕಿವಿ ಒತ್ತಿ ಉಸಿರು ಹಿಡಿದು ಕೂರುವುದು. ಆಗ ಅಡಿಯಲ್ಲಿ ಮೊಟ್ಟೆ ಇಡಲು ನೆರೆದ ಮುರು ಮೀನುಗಳ ಸದ್ದು ಕಟ್ಟಿಗೆಯೊಳಗಿಂದ ಏರಿ ಬರುತ್ತದೆ. ಆ ದಿನಗಳಲ್ಲಿ ಅಲ್ಲಿ ಯಾರೂ ಗಾಳ ಹಾಕಬಾರದು ಎಂಬುದು ಅವರ ಮನೆಯ ಕಟ್ಟಳೆ. ಕೇಳಿ, ಕೈಮುಗಿದು, ಬರಿಗೈಯಲ್ಲಿ ವಾಪಸು ಬರುತ್ತಿದ್ದರಂತೆ.

ಇದನ್ನೆಲ್ಲ ಬರೆದುಕೊಂಡು, ಅಡಿಯಲ್ಲಿ ಒಂದು ಗೆರೆ ಎಳೆದು, "ಸ್ವಾರಸ್ಯಕರ, ಆದರೆ ಪರಿಶೀಲಿಸಲು ಸಾಧ್ಯವಿಲ್ಲ" ಎಂದು ಸೇರಿಸಿದಿರಿ. ಸಾಧ್ಯವಿಲ್ಲ ಎಂದು ನಿಮಗೆ ಯಾರು ಹೇಳಿದರು? ಜೋಡುಗಲ್ಲಿಗೆ ಹೋಗಲು ದೋಣಿಯಿತ್ತು, ಕರೆದುಕೊಂಡು ಹೋಗುವವರಿದ್ದರು, ನಿಮಗೆ ಎರಡು ಕಿವಿಗಳಿದ್ದವು. ಇಲ್ಲದೇ ಇದ್ದದ್ದು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯನ ಮಾತು ವರದಿಯಲ್ಲಿ ಬರಬಹುದು ಎಂಬ ನಂಬಿಕೆ.

ಆಮೇಲೆ ಮಾರ್ಚ್ ಇಪ್ಪತ್ತರ ಪುಟ. ಅದನ್ನು ಓದಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. "ತಿಂಗಳುವಾರು ಎಣಿಕೆಯ ಫಾರಂ ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್, ಸೊನ್ನೆ ಹಾಕಿದೆ. ಅಡಿಟಿಪ್ಪಣಿ ಕೊಟ್ಟಿದ್ದೇನೆ." ಅಡಿಟಿಪ್ಪಣಿ ಇನ್ನೂರ ಹದಿಮೂರನೆಯ ಪುಟದಲ್ಲಿತ್ತು. ಬಂದರು ಕಂಪನಿಯವರು ನಾಲ್ಕನೆಯ ಪುಟ ಓದಿದರು. ಜೋಡುಗಲ್ಲಿನಲ್ಲಿ ಮಳೆಗಾಲದಲ್ಲಿ ಮುರು ಮೀನು ಸೊನ್ನೆ, ಆದ್ದರಿಂದ ಅಳಿವೆಯಿಂದ ತೋಡಿದ ಹೂಳನ್ನು ಅದರ ಪಕ್ಕ ಸುರಿಯಲು ಅದೇ ಪ್ರಶಸ್ತ ಕಾಲ ಎಂದು ಪರವಾನಗಿಗೆ ಅರ್ಜಿ ಹಾಕಿದರು. ಪರವಾನಗಿ ಸಿಕ್ಕಿತು. ನೀವು ನೋಡಲಿಲ್ಲ ಎಂದು ಬರೆಯಬೇಕಾದ ಜಾಗದಲ್ಲಿ ಇಲ್ಲ ಎಂದು ಬರೆದಿರಿ, ನೀವು ಇಲ್ಲ ಎಂದ ಕಡೆ ಅವರು ಮಣ್ಣು ಸುರಿದರು. ಒಂದೊಂದು ಮಳೆಗಾಲವೂ, ಮೀನು ಮೊಟ್ಟೆ ಇಡಲು ನೆರೆದ ಅದೇ ವಾರಗಳಲ್ಲಿ, ಅವುಗಳ ತಲೆಯ ಮೇಲೆಯೇ. ಮೂರನೆಯ ಮಳೆಗಾಲ ಮುಗಿಯುವಾಗ ಕಲ್ಲಿನ ಎರಡು ಬೆನ್ನೂ ಹೂಳಿನೊಳಗೆ ಹೋಗಿದ್ದವು. ನಮ್ಮ ವರ್ಷಗಳ ಎಣಿಕೆ ಅಲ್ಲಿಂದ ಶುರುವಾಗುತ್ತದೆ.

ನಾವು ಹೇಗಿದ್ದೇವೆ ಎಂದು ಕೇಳುತ್ತೀರೇನೋ. ಬದುಕಿದ್ದೇವೆ. ಊರು ಎರಡು ಸಲ ಗುಡ್ಡ ಹತ್ತಿದೆ, ಹಳೆಯ ರಸ್ತೆ ಉಬ್ಬರದಲ್ಲಿ ಮುಳುಗುತ್ತದೆ. ತಿನ್ನಲು ತೊಟ್ಟಿಮೀನು ಇದೆ, ಸೋಯಾ ಹಿಟ್ಟು ತಿಂದು ಬೆಳೆದದ್ದು, ಎಷ್ಟು ಹುಳಿ ಖಾರ ಹಾಕಿದರೂ ನೆನೆದ ಬೆಂಡಿನ ರುಚಿ. ಮದುವೆಗೆ ಮುರು ಮೀನು ಆಗಲೇಬೇಕು ಎಂಬ ಪದ್ಧತಿಯನ್ನು ಬಿಡಲಾರದೆ ಅಚ್ಚುಮೀನು ಮಾಡುತ್ತಾರೆ. ಹಲಸಿನ ಬೀಜದ ಹಿಟ್ಟನ್ನು ಮೀನಿನಾಕಾರದ ಅಚ್ಚಿಗೆ ಒತ್ತಿ, ಬಾಳೆಲೆಯಲ್ಲಿ ಸುತ್ತಿ ಬೇಯಿಸುವುದು. ಹೋದ ತಿಂಗಳು ನಮ್ಮ ದೊಡ್ಡಮ್ಮ ಮುತ್ತಕ್ಕ ಅದನ್ನು ಬೆರಳಲ್ಲಿ ಒತ್ತಿ ನೋಡಿ, "ಇದ್ರಗೆ ಮುಳ್ಳೂ ಇಲ್ಲ, ಮರ್ಯಾದಿಯೂ ಇಲ್ಲ" ಎಂದು ಎಲೆ ಮಡಚಿ ಎದ್ದರು. ಎಲ್ಲರೂ ನಕ್ಕರು. ತೊಂಬತ್ತೊಂದು ವರ್ಷದ ಹೆಂಗಸು ಮದುವೆಯ ಊಟದಿಂದ ಹಸಿದು ಎದ್ದದ್ದು ನಗುವ ವಿಷಯವಲ್ಲ.

ನನ್ನ ಕೆಲಸ ಕಲ್ಲುಸಾಕು. ಮುರಕಲ್ಲಿನ ಇಟ್ಟಿಗೆಗಳನ್ನು ಜೋಡುಗಲ್ಲಿನ ಹೂಳಿನ ಮೇಲೆ ಸಾಲಾಗಿ ಇಳಿಸಿ, ಅದಕ್ಕೆ ಹವಳದ ತುಣುಕು ಕಟ್ಟಿ, ಮಗುವಿನ ಹಲ್ಲು ತಿಕ್ಕಿದ ಹಾಗೆ ವಾರಕ್ಕೊಮ್ಮೆ ಪಾಚಿ ತಿಕ್ಕುವುದು. ನನ್ನ ಅಜ್ಜಿ ಶುರುಮಾಡಿದ ಕಲ್ಲು ಈಗ ಎರಡಾಳು ಎತ್ತರವಿದೆ. ಅದರಲ್ಲಿ ನಲವತ್ತೊಂದು ಮುರು ಮೀನುಗಳಿವೆ. ದೂರದ ದ್ವೀಪದಿಂದ ಮೊಟ್ಟೆ ತರಿಸಿ, ತೊಟ್ಟಿಯಲ್ಲಿ ಮರಿಮಾಡಿ, ಒಂದೊಂದನ್ನೂ ಕೈಯಾರೆ ಬಿಟ್ಟದ್ದು. ಆ ದ್ವೀಪದಲ್ಲಿ ಈಗ ಮುರು ಇಲ್ಲ. ಇರುವುದು ಈ ನಲವತ್ತೊಂದೇ.

ಅವು ಕೂಡುತ್ತಿಲ್ಲ. ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ. ಕೆಸರು ತಿಂಗಳಲ್ಲಿ ಹೆಣ್ಣು ಮೀನುಗಳ ಹೊಟ್ಟೆ ತುಂಬುತ್ತದೆ, ಆದರೆ ಒಂದೊಂದೂ ತನ್ನ ಪೊಟರೆಯಲ್ಲೇ ಕೂತಿರುತ್ತದೆ, ಮೊಟ್ಟೆ ಒಳಗೇ ಕರಗಿಹೋಗುತ್ತದೆ. ಎಲ್ಲಿ ಸೇರಬೇಕು, ಯಾವಾಗ ಸೇರಬೇಕು ಎಂಬುದನ್ನು ಮರಿಗಳು ಹಿರಿಯ ಮೀನುಗಳ ಹಿಂದೆ ಹೋಗಿ, ಅವುಗಳ ಸದ್ದು ಕೇಳಿ ಕಲಿಯುತ್ತಿದ್ದವು. ನಮ್ಮ ಮೀನುಗಳಿಗೆ ಹಿರಿಯರಿಲ್ಲ. ಆ ಸದ್ದನ್ನು ನೀರಿನಲ್ಲಿ ಕೇಳಿಸಿದರೆ ಅವು ಬಂದಾವು ಎಂದು ನನಗೆ ನಂಬಿಕೆಯಿದೆ. ನಮ್ಮಲ್ಲಿ ಕಿವಿಬುಟ್ಟಿ ಎಂಬ ಯಂತ್ರವಿದೆ, ನೀರಿನೊಳಗೆ ಕೇಳುತ್ತದೆ, ಕೇಳಿಸುತ್ತದೆ. ಕೇಳಿಸಲು ಸದ್ದೇ ಇಲ್ಲ. ಇಡೀ ಕರಾವಳಿಯ ಕಡತಗಳನ್ನು ಜಾಲಾಡಿದೆ. ಮುರು ಮೀನಿನ ಉದ್ದ ಇದೆ, ತೂಕ ಇದೆ, ಹೊಟ್ಟೆ ಸೀಳಿ ತೆಗೆದ ಚಿತ್ರ ಇದೆ. ಅದರ ದನಿಯನ್ನು ಹಿಡಿದಿಡಬೇಕು ಎಂದು ಒಬ್ಬ ಪುಣ್ಯಾತ್ಮನಿಗೂ ತೋಚಲಿಲ್ಲ. ಮುದಿ ಮೀನುಗಳು, ಇನ್ನು ಮೂರೋ ನಾಲ್ಕೋ ಕೆಸರು ತಿಂಗಳು ಬಾಳಿಯಾವು.

ನಾನು ಬರೆಯುತ್ತಿರುವುದು ಆ ಸೊನ್ನೆಗಳ ಹಿಂದಿನ ದಿನದ ನಿಮಗೆ, ಈಗ ನಿಮ್ಮಲ್ಲಿ ಮಾರ್ಚ್ ಹತ್ತೊಂಬತ್ತು. ನಾಳೆ ಸಂಜೆ ಐದಕ್ಕೆ ವರದಿ ಕಳಿಸಬೇಕು. ನೀವು ನನ್ನ ಮಾತು ಕೇಳಿದ್ದರೆ ಈ ಪತ್ರ ಬರೆಯುವ ಅಗತ್ಯವೇ ನನಗೆ ಬರುತ್ತಿರಲಿಲ್ಲ, ಅಷ್ಟು ತರ್ಕ ನನಗೂ ಬರುತ್ತದೆ. ಆದರೂ ಬರೆದೆ. ಇಷ್ಟು ಕೋಪವನ್ನು ಇಟ್ಟುಕೊಂಡು ನಾನು ದಿನಾ ಹವಳ ತಿಕ್ಕಲಾರೆ.

ಆ ನಾಲ್ಕು ಚೌಕಗಳಲ್ಲಿ ಸೊನ್ನೆ ಬರೆಯಬೇಡಿ. ಫಾರಂ ಒಪ್ಪದಿದ್ದರೆ ಫಾರಂ ಕಳಿಸಬೇಡಿ. ಮೇಲಿನವರು ಗದರುತ್ತಾರೆ, ಗದರಲಿ. ಕೆಲಸ ಹೋದೀತು, ನಿಮ್ಮಂಥವರಿಗೆ ಇನ್ನೊಂದು ಸಿಗುತ್ತದೆ. ನಾಲ್ಕನೆಯ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ನಾವು ನೋಡಿಲ್ಲ ಎಂದು ಬರೆಯಿರಿ. ಅದರ ಕೆಳಗೆ ಹೆರಿಯ ಮರಕಾಲರ ಮಾತನ್ನು ಅವರ ಹೆಸರಿನೊಂದಿಗೆ ಹಾಕಿ.

ಇಷ್ಟಕ್ಕೂ ನಿಮಗೆ ಧೈರ್ಯ ಸಾಲದಿದ್ದರೆ, ಸೊನ್ನೆಯನ್ನೇ ಬರೆದು ಕಳಿಸಿದರೂ, ಇದೊಂದನ್ನಾದರೂ ಮಾಡಿ. ಬರುವ ಮಳೆಗಾಲದಲ್ಲಿ ಅವರ ದೋಣಿ ಹತ್ತಿ. ನಿಮ್ಮಲ್ಲಿರುವ ಯಾವ ಯಂತ್ರದಲ್ಲಿ ಬೇಕಾದರೂ ಆ ಸದ್ದನ್ನು ಹಿಡಿದು ಟಿಪ್ಪಣಿ ಪುಸ್ತಕಗಳ ಜೊತೆ ಇಡಿ. ಅಷ್ಟು ಹಳೆಯ ಯಂತ್ರದಿಂದ ಅದನ್ನು ಬಿಡಿಸಿಕೊಳ್ಳುವುದು ನಮ್ಮ ಪಾಡು. ಅದರ ಮುಂದಿನ ಮಳೆಗಾಲಕ್ಕೆ ನೋಡೋಣ ಎಂದುಕೊಳ್ಳಬೇಡಿ. ಎಲ್ಲಿ ದೋಣಿ ನಿಲ್ಲಿಸಬೇಕು, ಯಾವ ದಿನ ಹೋಗಬೇಕು ಎಂದು ಬಲ್ಲವರು ಅವರೊಬ್ಬರೇ, ಬೇರೆ ಯಾರಿಗೂ ಕಲಿಸಿಲ್ಲ. ನಮ್ಮ ಮನೆಯ ವಂಶದ ಪಟ್ಟಿಯಲ್ಲಿ ಅವರು ತೀರಿಕೊಂಡ ದಿನ ಬರೆದಿದೆ. ಅದು ನಿಮ್ಮ ಇದೇ ವರ್ಷದ ಅಕ್ಟೋಬರ್ ಒಂಬತ್ತು.

ನೀಲು ಮರಕಾಲ್ತಿ